ಕುಬ್ಜಾಶ್ವಗಳಲ್ಲಿ ಗರ್ಭನಿರ್ಣಯ

ಮಿನಿಯೇಚರ್ ಕುದುರೆ ಎಂದು ರೂಢಿಯಲ್ಲಿ ಕರೆಯಲ್ಪಡುವ, ಎತ್ತರದಲ್ಲಿ ಸುಮಾರು ಮೂರಡಿಯ ಆಚೀಚೆ ಇರುವ ಕುಬ್ಜಾಶ್ವಗಳಲ್ಲಿ ಹೆಣ್ಣು ಗಬ್ಬವಾಗಿದೆಯೆ, ಆಗಿದ್ದರೆ ಎಷ್ಟು ತಿಂಗಳಾಗಿದೆ, ಒಳಗಿನ ಮರಿ ಜೀವಂತವಾಗಿದೆಯೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ವಿಧಾನಗಳನ್ನು ಒಟ್ಟಾಗಿ ಗರ್ಭನಿರ್ಣಯವೆನ್ನುತ್ತಾರೆ. ಈ ಶಾಸ್ತ್ರದ ತತ್ತ್ವಗಳು ಎಲ್ಲ ಕುದುರೆಗಳಿಗೂ ಸಮಾನವೇ ಆಗಿದ್ದರೂ, ದೊಡ್ಡ ಕುದುರೆಯಲ್ಲಿ ವೈದ್ಯನ ಕೈಗೆ ಸುಲಭವಾಗಿ ಒದಗುವ ಸಾಕ್ಷ್ಯ ಚಿಕ್ಕದರಲ್ಲಿ ಒದಗದಿರುವುದರಿಂದಲೂ, ಒಡೆಯನ ಕಣ್ಣಿಗೆ ಮೊದಲು ಬೀಳುವ ಉಬ್ಬಿದ ಹೊಟ್ಟೆಯೇ ಇಲ್ಲಿ ಅತ್ಯಂತ ಅವಿಶ್ವಸನೀಯ ಲಕ್ಷಣವಾಗಿರುವುದರಿಂದಲೂ ಈ ವಿಷಯವನ್ನು ಪ್ರತ್ಯೇಕವಾಗಿ ವಿವೇಚಿಸುವುದು ಉಚಿತ.

ಕುಬ್ಜಾಶ್ವಗಳ ಮೂಲ ಒಂದಲ್ಲ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲೆಂಡ್ ದ್ವೀಪಗಳ ತಟ್ಟುಗಳು, ಹೆಂಗಸರನ್ನೂ ಎಳೆಯ ಹುಡುಗರನ್ನೂ ಗಣಿಯ ಒಳಗೆ ದುಡಿಸಕೂಡದೆಂದು ಬ್ರಿಟನ್ನಿನಲ್ಲಿ 1842ರಲ್ಲಿ ಕಾಯಿದೆಯಾದ ಬಳಿಕ, ಕಲ್ಲಿದ್ದಲಿನ ಇಕ್ಕಟ್ಟಾದ ಸುರಂಗಗಳಲ್ಲಿ ಗಾಡಿ ಎಳೆಯುವ ಕೆಲಸಕ್ಕೆ ಹೇರಳವಾಗಿ ಬಳಕೆಗೆ ಬಂದು, ಅಲ್ಲಿಂದ ಅಮೆರಿಕಕ್ಕೂ ಸಾಗಿದವು. ಅರ್ಜೆಂಟೀನದಲ್ಲಿ ಫಲಬೆಲ್ಲ ಮನೆತನದವರು ತಲೆಮಾರುಗಳ ಕಾಲ ಆಯ್ದು ಬೆಳೆಸಿದ ತಳಿ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 1978ರಲ್ಲಿ ಸ್ಥಾಪಿತವಾದ ಅಮೆರಿಕದ ಮಿನಿಯೇಚರ್ ಕುದುರೆ ಸಂಘ 34 ಅಂಗುಲ, ಅಂದರೆ ಸುಮಾರು 86 ಸೆಂಟಿಮೀಟರುಗಳಿಗಿಂತ ಎತ್ತರದ ಕುದುರೆಯನ್ನು ತನ್ನ ದಾಖಲೆಗೆ ಸೇರಿಸಿಕೊಳ್ಳುವುದಿಲ್ಲ; ಈ ಅಳತೆಯನ್ನು ಇತರ ಕುದುರೆಗಳಂತೆ ಹೆಗಲ ಮೂಳೆಯ ಮೇಲಲ್ಲದೆ ಜೂಲಿನ ಕೊನೆಯ ಕೂದಲಿನ ಬುಡದಲ್ಲಿ ತೆಗೆಯುವುದು ಅಲ್ಲಿಯ ವಿಚಿತ್ರವಾದ ಪದ್ಧತಿ. ಬೆಳೆದ ಹೆಣ್ಣಿನ ತೂಕ ಸಾಮಾನ್ಯವಾಗಿ ನೂರು ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಪಂದ್ಯದ ಥರೋಬ್ರೆಡ್ ಕುದುರೆ ಇದರ ನಾಲ್ಕೈದು ಪಾಲು ತೂಗುವುದನ್ನು ನೆನೆದರೆ, ದೊಡ್ಡದರಲ್ಲಿ ಲೀಲಾಜಾಲವಾದ ಪರೀಕ್ಷೆ ಚಿಕ್ಕದರಲ್ಲಿ ಏಕೆ ಸಾಹಸವಾಗುತ್ತದೆಂಬುದು ತಿಳಿದೀತು.

ಕುದುರೆ ಹಗಲು ದೀರ್ಘವಾಗುವ ಋತುವಿನಲ್ಲಿ ಬೆದೆಗೆ ಬರುವ ಪ್ರಾಣಿ. ವಸಂತದಿಂದ ಶರತ್ಕಾಲದವರೆಗೆ ಸುಮಾರು 21 ದಿನಗಳಿಗೊಮ್ಮೆ ಬೆದೆ ಮರುಕಳಿಸಿ, ಐದರಿಂದ ಏಳು ದಿನ ನಿಂತು, ಅದು ಮುಗಿಯುವ ಒಂದೆರಡು ದಿನ ಮೊದಲು ಅಂಡೋತ್ಸರ್ಗವಾಗುತ್ತದೆ. ಶೀತದೇಶಗಳ ಚಳಿಗಾಲದಲ್ಲಿ ಹೆಚ್ಚಿನ ಕುದುರೆಗಳ ಅಂಡಾಶಯಗಳು ನಿದ್ರಿಸುವುದರಿಂದ, ಆ ತಿಂಗಳುಗಳಲ್ಲಿ ಹೆಣ್ಣು ಬೆದೆಗೆ ಬಾರದಿದ್ದರೆ ಅದು ಗಬ್ಬವಾಗಿದೆಯೆಂದು ಊಹಿಸುವುದಕ್ಕೆ ಆಧಾರವಿಲ್ಲ. ಗರ್ಭಾವಧಿಯನ್ನು ಅರಿಸ್ಟಾಟಲನು ಹನ್ನೊಂದು ತಿಂಗಳೆಂದೂ, ಹನ್ನೆರಡನೆಯದರಲ್ಲಿ ಕುದುರೆ ಈಯುತ್ತದೆಂದೂ ಬರೆದಿಟ್ಟಿದ್ದಾನೆ. ಆಧುನಿಕರ ಲೆಕ್ಕ ಇದಕ್ಕಿಂತ ಬಹಳ ಬೇರೆಯಾಗಿಲ್ಲ. ಸಾಧಾರಣ ಕುದುರೆಗೆ ಸರಾಸರಿ 340 ದಿನಗಳಾದರೆ, 320ರಿಂದ 365ರವರೆಗಿನ ಯಾವ ದಿನವೂ ಸಹಜವೇ. ಕುಬ್ಜಾಶ್ವಗಳು ಇದಕ್ಕಿಂತ ಒಂದೆರಡು ವಾರ ಮುಂಚಿತವಾಗಿ ಈಯುವುದು ಅಪರೂಪವಲ್ಲ. ಇಷ್ಟು ಅನಿಶ್ಚಿತವಾದ ಅವಧಿಯಲ್ಲಿ ಹೆಣ್ಣುಗಂಡು ಕೂಡಿದ ದಿನವನ್ನು ಗುರುತುಹಾಕಿಕೊಳ್ಳದಿದ್ದರೆ ಮುಂದಿನ ಲೆಕ್ಕವೆಲ್ಲ ಸಡಿಲವಾಗುತ್ತದೆ. ಆದರೆ ಕುಬ್ಜಾಶ್ವಗಳನ್ನು ಸಾಕುವವರಲ್ಲಿ ಅನೇಕರು ಗಂಡೊಂದನ್ನು ಹೆಣ್ಣುಗಳ ಗುಂಪಿನೊಡನೆ ವರ್ಷವಿಡೀ ಹುಲ್ಲುಗಾವಲಿನಲ್ಲಿ ಬಿಟ್ಟುಬಿಡುವುದರಿಂದ, ಆ ದಿನ ಯಾರ ದಿನಚರಿಯಲ್ಲಿಯೂ ದಾಖಲಾಗುವುದಿಲ್ಲ. ಗರ್ಭನಿರ್ಣಯದ ತೊಡಕುಗಳಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲಿಂದಲೇ.

ಹೊಟ್ಟೆಯ ವಿಷಯಕ್ಕೆ ಬರೋಣ. ಚಿಕ್ಕ ಕುದುರೆ ಅಲ್ಪಾಹಾರದಲ್ಲಿಯೇ ಕೊಬ್ಬುವ ಪ್ರಕೃತಿಯದು. ಒಣಹುಲ್ಲನ್ನು ಹೇರಳವಾಗಿ ತಿಂದಾಗ, ಜಂತುಹುಳು ಸೇರಿದಾಗ, ಅಥವಾ ಹಿಂದೆ ಹಲವು ಬಾರಿ ಈದು ಉದರದ ಸ್ನಾಯುಗಳು ಸಡಿಲವಾದಾಗ, ಗೊಡ್ಡು ಹೆಣ್ಣೂ ತುಂಬುಗಬ್ಬದಂತೆ ತೋರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಚೊಚ್ಚಲು ಗರ್ಭದ ಬಿಗಿಮೈಯ ಹೆಣ್ಣು ಹತ್ತನೆಯ ತಿಂಗಳವರೆಗೂ ತೆಳ್ಳಗಿದ್ದು, ಒಂದು ಬೆಳಗ್ಗೆ ಮರಿಯೊಡನೆ ನಿಂತು ಒಡೆಯನನ್ನು ಬೆರಗುಗೊಳಿಸುವುದೂ ಉಂಟು. ಹುಲ್ಲಿನಿಂದ ಉಬ್ಬಿದ ಹೊಟ್ಟೆ ಹಿಂದಿನಿಂದ ನೋಡಿದಾಗ ಎರಡು ಪಕ್ಕಗಳಿಗೂ ದುಂಡಗೆ ಹರಡಿರುತ್ತದೆಂದೂ, ಗರ್ಭದ ಭಾರದಿಂದ ಇಳಿದದ್ದು ಕೆಳಗೆ ಚೂಪಾಗಿ, ದಿನದಿನಕ್ಕೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಕಾಣುತ್ತದೆಂದೂ ಅನುಭವಸ್ಥರು ಹೇಳುವ ಮಾತಿನಲ್ಲಿ ಸತ್ಯಾಂಶವಿದ್ದರೂ, ಅದು ಕೊನೆಯ ಮೂರು ತಿಂಗಳಿಗೆ ಮಾತ್ರ ಅನ್ವಯಿಸುವ ಸತ್ಯ. ಚಳಿದೇಶದ ದಪ್ಪ ರೋಮ ಬೆಳೆದ ಮೇಲಂತೂ ಆ ಆಕಾರವೂ ಮರೆಯಾಗುತ್ತದೆ. ಏಳೆಂಟನೆಯ ತಿಂಗಳಿನಿಂದ ಮುಂದೆ, ಹೆಣ್ಣು ತಣ್ಣೀರು ಕುಡಿದು ನಿಶ್ಚಲವಾಗಿ ನಿಂತಾಗ, ಹಿಂಗಾಲಿನ ಮೊಣಕಾಲಿನ ಮುಂದಿನ ಪಕ್ಕೆಯ ಮಡಿಕೆಯ ಮೇಲೆ ಅಂಗೈಯನ್ನು ಒತ್ತದೆ ಇಟ್ಟು ತಾಳ್ಮೆಯಿಂದ ಕಾದರೆ, ಒಳಗಿನಿಂದ ಮೊನಚಾದದ್ದೊಂದು ಥಟ್ಟನೆ ತಾಗಿ ಸರಿದಂತೆ ಮರಿಯ ಚಲನೆ ಅನುಭವಕ್ಕೆ ಬರಬಹುದು. ಕರುಳಿನ ಸಂಚಾರ ಅಲೆಯಂತೆ ನಿಧಾನವಾಗಿ ಹರಿಯುವಂಥದು, ಮರಿಯದು ಒದೆತ. ಒದೆತ ಸ್ಪಷ್ಟವಾಗಿ ಸಿಕ್ಕಿದರೆ ಅದು ಪ್ರಮಾಣ. ಸಿಗದಿದ್ದರೆ ಯಾವುದಕ್ಕೂ ಪ್ರಮಾಣವಲ್ಲ. ದಾರಕ್ಕೆ ಉಂಗುರವನ್ನೋ ಸೂಜಿಯನ್ನೋ ಕಟ್ಟಿ ಬೆನ್ನಿನ ಮೇಲೆ ತೂಗಿಸಿ ಫಲ ಹೇಳುವ ಪದ್ಧತಿಯೂ ಪಾಶ್ಚಾತ್ಯ ಅಶ್ವಪಾಲಕರಲ್ಲಿ ಇನ್ನೂ ಅಳಿದಿಲ್ಲ. ಎರಡೇ ಉತ್ತರಗಳಿರುವ ಪ್ರಶ್ನೆಗೆ ಅದು ಅರ್ಧ ಸಾರಿ ಸರಿಯುತ್ತರ ಕೊಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪುರಾತನವೂ ಇಂದಿಗೂ ಉಪಯುಕ್ತವೂ ಆದ ವಿಧಾನವೆಂದರೆ ಗಂಡನ್ನು ತೋರಿಸಿ ಹೆಣ್ಣಿನ ವರ್ತನೆಯನ್ನು ಗಮನಿಸುವುದು. ಕೂಡಿದ 16ನೆಯ ದಿನದಿಂದ 21ನೆಯ ದಿನದವರೆಗೆ, ನಡುವೆ ಗಟ್ಟಿಯಾದ ಬೇಲಿಯಿರಿಸಿ ಗಂಡನ್ನು ಹತ್ತಿರ ತಂದಾಗ, ಬೆದೆಯಲ್ಲಿರುವ ಹೆಣ್ಣು ಬಾಲವೆತ್ತಿ, ಸ್ವಲ್ಪಸ್ವಲ್ಪವಾಗಿ ಮೂತ್ರ ಬಿಡುತ್ತ ನಿಲ್ಲುತ್ತದೆ. ಗಬ್ಬವಾದದ್ದು ಕಿವಿಗಳನ್ನು ಹಿಂದಕ್ಕೆ ಮಡಿಸಿ, ಕಿರುಚಿ, ಒದೆಯಲು ತಿರುಗುತ್ತದೆ. ಆದರೆ ಗಬ್ಬವಾದ ಹೆಣ್ಣೂ ಕೆಲವೊಮ್ಮೆ ಬೆದೆಯ ಚಿಹ್ನೆ ತೋರುತ್ತದೆ, ಗಬ್ಬವಿಲ್ಲದ್ದು ಅಂಡೋತ್ಸರ್ಗದ ಬಳಿಕ ಅಂಡಾಶಯದಲ್ಲಿ ಬೆಳೆಯುವ ಪೀತಪಿಂಡವೆಂಬ ಗ್ರಂಥಿ ಕರಗದೆ ಉಳಿದುದರಿಂದ ವಾರಗಟ್ಟಲೆ ಗಂಡನ್ನು ದೂರವಿಡುತ್ತದೆ. ಆದ್ದರಿಂದ ಈ ವಿಧಾನ ಸಂದೇಹವನ್ನು ಹುಟ್ಟಿಸಲು ಸಮರ್ಥವೇ ಹೊರತು ಅದನ್ನು ತೀರಿಸಲು ಸಮರ್ಥವಲ್ಲ.

ಕುದುರೆಯ ಭ್ರೂಣದ ಮೊದಲ ಎರಡು ವಾರಗಳ ಚರಿತ್ರೆ ಸಸ್ತನಿಗಳಲ್ಲಿಯೇ ವಿಲಕ್ಷಣವಾದದ್ದು. ಅಂಡೋತ್ಸರ್ಗದ ಆರನೆಯ ದಿನದ ಸುಮಾರಿಗೆ ಗರ್ಭಾಶಯವನ್ನು ಸೇರಿದ ಭ್ರೂಣಕೋಶ, ಹಸುವಿನಲ್ಲಿ ಆಗುವಂತೆ ಉದ್ದನೆಯ ನೂಲಾಗಿ ಬೆಳೆಯದೆ, ತನ್ನ ಸುತ್ತ ಬಿಗಿಯಾದ ಕವಚವೊಂದನ್ನು ಧರಿಸಿ, ಗೋಳಾಕಾರವಾಗಿಯೇ ಉಳಿದು, ಗರ್ಭಾಶಯದ ಒಂದು ಕೊಂಬಿನಿಂದ ಇನ್ನೊಂದಕ್ಕೆ ದಿನಕ್ಕೆ ಹಲವಾರು ಬಾರಿ ಉರುಳಾಡುತ್ತದೆ. ಈ ಅಲೆದಾಟವೇ ತಾಯಿಯ ದೇಹಕ್ಕೆ ಗರ್ಭದ ಸುದ್ದಿಯನ್ನು ಮುಟ್ಟಿಸುವ ಸಂದೇಶ. ಅದು ಗರ್ಭಾಶಯದ ಒಳಗೋಡೆಯ ಬಹುಭಾಗವನ್ನು ಮುಟ್ಟದಿದ್ದರೆ 14–15ನೆಯ ದಿನಕ್ಕೆ ಪ್ರೊಸ್ಟಾಗ್ಲಾಂಡಿನ್ ಎಂಬ ಹಾರ್ಮೋನು ಸ್ರವಿಸಿ ಪೀತಪಿಂಡ ಕರಗಿ, ಗರ್ಭವೇ ಉಳಿಯುವುದಿಲ್ಲ. 16ನೆಯ ದಿನದ ಸುಮಾರಿಗೆ ಗರ್ಭಾಶಯದ ಕೊಂಬಿನ ಬುಡದಲ್ಲಿ ಅದು ನೆಲೆಗೊಳ್ಳುತ್ತದೆ. ಈ ಚಲನೆಯನ್ನು ಕ್ರಮವಾಗಿ ಅಳೆದು ವಿವರಿಸಿದವರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒ. ಜೆ. ಗಿಂಥರ್ ಅಗ್ರಗಣ್ಯರು; ಅದಕ್ಕೆ ಕಣ್ಣಾದದ್ದು ಶ್ರವಣಾತೀತ ಧ್ವನಿಯ ಸ್ಕ್ಯಾನಿಂಗ್. ಫ್ರಾನ್ಸಿನ ಪಾಮರ್ ಮತ್ತು ಡ್ರಿಯಾಂಕೂರ್ 1980ರಲ್ಲಿ ಕುದುರೆಯ ಗರ್ಭಾಶಯದ ಸ್ಕ್ಯಾನಿಂಗ್ ಕುರಿತು ಪ್ರಕಟಿಸಿದ ಪ್ರಬಂಧದಿಂದ ಈ ಶಾಸ್ತ್ರದ ಹೊಸ ಯುಗ ಆರಂಭವಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಅದಕ್ಕೆ ಮುಂಚೆ ವೈದ್ಯರ ಪ್ರಧಾನ ಸಾಧನ ತಮ್ಮ ಕೈಯೇ ಆಗಿತ್ತು. ಗುದನಾಳದ ಮೂಲಕ ಕೈಯಿಳಿಸಿ, ಅದರ ಕೆಳಗಿರುವ ಗರ್ಭಾಶಯವನ್ನು ತಡವಿ, 18–20 ದಿನಗಳಲ್ಲಿ ಅದು ಬಿಗಿಗೊಂಡಿರುವುದನ್ನೂ, ತಿಂಗಳಿನ ಹೊತ್ತಿಗೆ ಕೊಂಬಿನ ಬುಡದಲ್ಲಿ ಉಬ್ಬು ಮೂಡಿರುವುದನ್ನೂ ಬಲ್ಲವರು ಬೆರಳಿನಿಂದಲೇ ಓದುತ್ತಿದ್ದರು. ಟಿಪ್ಪೂ ಸುಲ್ತಾನನ ಕಾಲಕ್ಕೆ ತನ್ನ ಮೂಲವನ್ನು ಒಯ್ಯುವ ನಮ್ಮ ಕುಣಿಗಲಿನ ಅಶ್ವಶಾಲೆಯಂಥ ಕಡೆ, ಥರೋಬ್ರೆಡ್ ಕುದುರೆಗಳಿಗೆ ಈ ವಿಧಾನ ನಿತ್ಯದ ಕೆಲಸ. ಆದರೆ ನೂರು ಕಿಲೋಗ್ರಾಮಿನ ಕುದುರೆಯ ಗುದನಾಳಕ್ಕೆ ವಯಸ್ಕನ ತೋಳು ಒಗ್ಗುವುದಿಲ್ಲ. ಕುದುರೆಯ ಗುದನಾಳದ ಪೊರೆ ಹಸುವಿನದಕ್ಕಿಂತ ಸುಲಭವಾಗಿ ಹರಿಯುವಂಥದು, ಹರಿದರೆ ಉದರದೊಳಕ್ಕೆ ಲದ್ದಿ ಸೇರಿ ಪ್ರಾಣಾಪಾಯವಾಗುತ್ತದೆ. ಸಣ್ಣ ಕೈಯ ವೈದ್ಯರು, ಪ್ರಾಣಿಗೆ ಮಂಪರಿನ ಮದ್ದು ಕೊಟ್ಟು, ಜಾರುವ ಲೇಪವನ್ನು ಧಾರಾಳವಾಗಿ ಬಳಸಿ, ಎಚ್ಚರಿಕೆಯಿಂದ ಮಾಡುವುದುಂಟಾದರೂ, ಕುಬ್ಜಾಶ್ವದಲ್ಲಿ ಈ ಪರೀಕ್ಷೆಯನ್ನು ಕೈಬಿಡುವುದೇ ಮೇಲೆಂಬುದು ಈ ಲೇಖಕನ ಅಭಿಪ್ರಾಯ. ಕಾಲುದಾರಿಯಂತೆ ಇದಕ್ಕೊಂದು ಉಪಾಯ ಸಿಕ್ಕಿದೆ: ಸ್ಕ್ಯಾನಿಂಗಿನ ಶೋಧಕವನ್ನು ಗಟ್ಟಿಯಾದ ತೆಳು ದಂಡವೊಂದಕ್ಕೆ ಜೋಡಿಸಿ, ಲದ್ದಿಯನ್ನು ಮೊದಲೇ ತೆಗೆದು, ಕೈಯನ್ನು ಹೊರಗೇ ಇಟ್ಟುಕೊಂಡು ಶೋಧಕವನ್ನಷ್ಟೇ ಒಳಕ್ಕೆ ಸರಿಸುವುದು.

ಹಾಗೆ ಸರಿಸಿದಾಗ 14ನೆಯ ದಿನಕ್ಕೆ ಪರದೆಯ ಮೇಲೆ ಕಾಣುವುದಿಷ್ಟು: ಬೂದು ಬಣ್ಣದ ಗರ್ಭಾಶಯದ ನಡುವೆ ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ ಕಪ್ಪು ವೃತ್ತ, ಅದರ ಮೇಲಂಚಿನಲ್ಲೊಂದು, ಕೆಳಯಂಚಿನಲ್ಲೊಂದು ಬಿಳಿಯ ಹೊಳಪಿನ ಗೆರೆ. ದ್ರವದಿಂದ ತುಂಬಿದುದರಿಂದ ಅದು ಕಪ್ಪು. ಧ್ವನಿತರಂಗ ನೇರವಾಗಿ ಬಡಿದು ಮರಳುವ ಎರಡು ಬಿಂದುಗಳಲ್ಲಿ ಅದು ಬಿಳಿ. ಮೂರನೆಯ ವಾರದಲ್ಲಿ ಈ ವೃತ್ತ ಮೂಲೆಗಳುಳ್ಳ ಅಕ್ರಮ ಆಕಾರಕ್ಕೆ ತಿರುಗಿ, ಅದರ ತಳದಲ್ಲಿ ಭ್ರೂಣ ಚುಕ್ಕೆಯಾಗಿ ಕಾಣಿಸಿಕೊಂಡು, 24–25ನೆಯ ದಿನಕ್ಕೆ ಆ ಚುಕ್ಕೆಯೊಳಗೆ ಹೃದಯದ ಮಿಣುಕು ಗೋಚರವಾಗುತ್ತದೆ. ಅನಂತರದ ಎರಡು ವಾರಗಳಲ್ಲಿ, ಕೆಳಗಿನಿಂದ ಬೆಳೆಯುವ ಹೊಸ ಚೀಲ ಭ್ರೂಣವನ್ನು ಮೆಲ್ಲನೆ ಮೇಲಕ್ಕೆತ್ತಿ 40ನೆಯ ದಿನಕ್ಕೆ ಚಾವಣಿ ಮುಟ್ಟಿಸುತ್ತದೆ. ಹೊಕ್ಕುಳಬಳ್ಳಿ ಉದ್ದವಾದಂತೆ ಅದು ಪುನಃ ತಳಕ್ಕಿಳಿಯುತ್ತದೆ. ಅನುಭವಿಯಾದವನು ಭ್ರೂಣ ನಿಂತಿರುವ ಎತ್ತರವನ್ನು ನೋಡಿಯೇ ಗರ್ಭದ ವಯಸ್ಸನ್ನು ಹೇಳಬಲ್ಲನು. ಗರ್ಭಾಶಯದ ಗೋಡೆಯಲ್ಲಿ, ಮುಖ್ಯವಾಗಿ ವಯಸ್ಸಾದ ಹೆಣ್ಣುಗಳಲ್ಲಿ, ಬೆಳೆಯುವ ದ್ರವದ ಗುಳ್ಳೆಗಳು ಇದೇ ರೂಪದಿಂದ ಮೋಸಗೊಳಿಸುವುದುಂಟು. ಆದರೆ ಗುಳ್ಳೆ ಉರುಳುವುದಿಲ್ಲ, ದಿನದಿನಕ್ಕೆ ಬೆಳೆಯುವುದೂ ಇಲ್ಲ.

ಒಮ್ಮೆ ಕಂಡ ಮಾತ್ರಕ್ಕೆ ಸಮಾಧಾನ ಪಡುವಂತಿಲ್ಲ. ಅವಳಿ ಭ್ರೂಣಗಳು ಕುದುರೆಯಲ್ಲಿ ಬಹುಮಟ್ಟಿಗೆ ದುರಂತದಲ್ಲಿಯೇ ಮುಗಿಯುವುದರಿಂದ, ಅವು ಒಂದೆಡೆ ನೆಲೆಗೊಳ್ಳುವ 16ನೆಯ ದಿನಕ್ಕೆ ಮುಂಚೆಯೇ ಎರಡನ್ನೂ ಹುಡುಕಿ, ಒಂದನ್ನು ಬೇರ್ಪಡಿಸಿ ನಿವಾರಿಸುವುದು ವೈದ್ಯರ ಪದ್ಧತಿ. ಇದು ಕೈಯ ನೆರವನ್ನು ಬೇಡುವ ಕೆಲಸವಾದುದರಿಂದ ಕುಬ್ಜಾಶ್ವದಲ್ಲಿ ಮತ್ತಷ್ಟು ಕಷ್ಟ. ಮೊದಲ ಎರಡು ತಿಂಗಳಲ್ಲಿ ಭ್ರೂಣನಾಶವೂ ಅಪರೂಪವಲ್ಲ. ಈ ತಳಿಯಲ್ಲಿ ಅದಕ್ಕೊಂದು ವಿಶೇಷ ಕಾರಣವುಂಟು: ಮೃದ್ವಸ್ಥಿಯ ಬೆಳವಣಿಗೆಯನ್ನು ನಿಯಂತ್ರಿಸುವ ಅಗ್ರೆಕಾನ್ ಎಂಬ ಜೀನಿನ ಕೆಲವು ವಿಕೃತ ರೂಪಗಳು ಕುಬ್ಜಾಶ್ವಗಳಲ್ಲಿ ಗುಪ್ತವಾಗಿ ಹರಿದುಬಂದಿದ್ದು, ತಾಯಿತಂದೆಗಳಿಬ್ಬರಿಂದಲೂ ಅವು ಮರಿಗೆ ಬಂದಾಗ ಅಂಗವಿಕೃತಿಯುಳ್ಳ ಕುಳ್ಳು ಮರಿ ಹುಟ್ಟುತ್ತದೆ, ಇಲ್ಲವೆ ಹುಟ್ಟುವ ಮೊದಲೇ ಗರ್ಭ ಜಾರುತ್ತದೆ. ಆದ್ದರಿಂದ 14–16, 25–30, 45 ಮತ್ತು 60ನೆಯ ದಿನಗಳ ಸುಮಾರಿಗೆ ಪರೀಕ್ಷೆಯನ್ನು ಪುನರಾವರ್ತಿಸುವುದು ವಾಡಿಕೆ. ಎರಡು ಮೂರು ತಿಂಗಳು ಕಳೆದ ಮೇಲೆ, ಕೆಚ್ಚಲಿನ ಮುಂಭಾಗದಲ್ಲಿ ರೋಮವನ್ನು ಕತ್ತರಿಸಿ ಹೊಟ್ಟೆಯ ಹೊರಗಿನಿಂದಲೇ ಸ್ಕ್ಯಾನ್ ಮಾಡಬಹುದಾಗಿದ್ದು, ದೊಡ್ಡ ಕುದುರೆಯಲ್ಲಿ ಅಡ್ಡಬರುವ ದೇಹದ ದಪ್ಪ ಇಲ್ಲಿ ಅಡ್ಡಬರುವುದಿಲ್ಲ; ದೇಹ ಚಿಕ್ಕದಾದುದರ ಲಾಭ ವೈದ್ಯನಿಗೆ ದೊರೆಯುವುದು ಇದೊಂದೇ ಕಡೆ.

ರಕ್ತಮೂತ್ರಗಳ ಪರೀಕ್ಷೆಗೆ ಸ್ಕ್ಯಾನಿಂಗಿಗಿಂತ ಅರ್ಧ ಶತಮಾನ ಹಿಂದಿನ ಇತಿಹಾಸವಿದೆ. 1930ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿ ಕೋಲ್ ಮತ್ತು ಹಾರ್ಟ್ ಎಂಬ ವಿಜ್ಞಾನಿಗಳು ಗಬ್ಬದ ಕುದುರೆಯ ರಕ್ತರಸವನ್ನು ಪ್ರೌಢವಾಗದ ಹೆಣ್ಣಿಲಿಗಳಿಗೆ ಚುಚ್ಚಿದಾಗ ಅವುಗಳ ಅಂಡಾಶಯಗಳು ಅಕಾಲದಲ್ಲಿ ಪಕ್ವವಾಗುವುದನ್ನು ಕಂಡರು. ಇದಕ್ಕೆ ಕಾರಣವಾದ ಹಾರ್ಮೋನು, 35ನೆಯ ದಿನದ ಸುಮಾರಿಗೆ ಭ್ರೂಣದ ಪೊರೆಯಿಂದ ಜೀವಕೋಶಗಳು ತಾಯಿಯ ಗರ್ಭಾಶಯದ ಗೋಡೆಯೊಳಕ್ಕೆ ನುಗ್ಗಿ ನಿರ್ಮಿಸುವ ಬಟ್ಟಲಿನಾಕಾರದ ಗ್ರಂಥಿಗಳಲ್ಲಿ ಹುಟ್ಟುತ್ತದೆಂಬುದು ಅನಂತರ ಸ್ಪಷ್ಟವಾಯಿತು. 40ನೆಯ ದಿನದಿಂದ 120ನೆಯ ದಿನದವರೆಗೆ ಅದು ರಕ್ತದಲ್ಲಿ ದೊರೆಯುತ್ತದೆ. ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರ ಇದನ್ನು ಪತ್ತೆಹಚ್ಚುವ ಕಿಟ್ಟನ್ನು ಸಿದ್ಧಪಡಿಸಿದೆ. ರಕ್ತ ತೆಗೆಯುವುದಷ್ಟೇ ಸಾಕಾದ ಈ ಪರೀಕ್ಷೆ ಕುಬ್ಜಾಶ್ವಕ್ಕೆ ಹೇಳಿಮಾಡಿಸಿದಂತೆ ತೋರಿದರೂ ಅದರಲ್ಲೊಂದು ಗಂಭೀರವಾದ ದೋಷವಿದೆ. ಗ್ರಂಥಿಗಳು ಒಮ್ಮೆ ಬೇರೂರಿದ ಮೇಲೆ ಭ್ರೂಣ ಸತ್ತರೂ ಅವು ತಮ್ಮ ಕಾಲ ಮುಗಿಯುವವರೆಗೆ ಸ್ರವಿಸುತ್ತಲೇ ಇರುತ್ತವೆ. ಹೀಗಾಗಿ ಬರಿದಾದ ಗರ್ಭಾಶಯದ ಕುದುರೆ ಗಬ್ಬವೆನಿಸಿಕೊಂಡು, ತಿಂಗಳುಗಟ್ಟಲೆ ಫಲವತ್ತಾದ ಬೆದೆಗೂ ಬಾರದೆ ಕಾಲಹರಣವಾಗುತ್ತದೆ. ಹೇಸರಗತ್ತೆಯ ಮರಿಯನ್ನು ಹೊತ್ತ ಕುದುರೆಯಲ್ಲಾದರೋ ಈ ಹಾರ್ಮೋನು ಅತ್ಯಲ್ಪವಾಗಿದ್ದು, ಗಬ್ಬವಾದದ್ದೇ ಗೊಡ್ಡೆನಿಸಿಕೊಳ್ಳಬಹುದು. 18–21ನೆಯ ದಿನದ ಪ್ರೊಜೆಸ್ಟಿರೋನ್ ಹಾರ್ಮೋನಿನ ಪರೀಕ್ಷೆಯೂ ಇಂಥದೇ: ಅದು ಕಡಮೆಯಿದ್ದರೆ ಗರ್ಭವಿಲ್ಲವೆನ್ನಬಹುದು, ಹೆಚ್ಚಿದ್ದರೆ ಏನನ್ನೂ ಹೇಳುವಂತಿಲ್ಲ.

ಮರಿ ಬದುಕಿದೆಯೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಈಸ್ಟ್ರೊಜೆನ್ ಹಾರ್ಮೋನು. ಗಬ್ಬದ ಕುದುರೆಯ ಮೂತ್ರದಲ್ಲಿ ಇದು ಬೆರಗುಪಡಿಸುವಷ್ಟು ಇರುತ್ತದೆಂಬುದನ್ನು ತ್ಸೊಂಡೆಕ್ ಎಂಬ ವಿಜ್ಞಾನಿ 1930ರಲ್ಲಿಯೇ ತೋರಿಸಿದ್ದನು. 1934ರಲ್ಲಿ ಇಟಲಿಯ ಕುಬೋನಿ ಅದನ್ನು ಪ್ರಾಣಿಗಳ ನೆರವಿಲ್ಲದೆ ಗುರುತಿಸುವ ರಾಸಾಯನಿಕ ಕ್ರಿಯೆಯನ್ನು ಕಂಡುಹಿಡಿದನು. ಮೂತ್ರಕ್ಕೆ ಹೈಡ್ರೊಕ್ಲೋರಿಕ್ ಆಮ್ಲ ಸೇರಿಸಿ ಕಾಯಿಸಿ, ಆರಿಸಿ, ಬೆಂಜೀನಿನೊಡನೆ ಕುಲುಕಿ, ಮೇಲೆ ತೇಲಿದ ಬೆಂಜೀನನ್ನು ಬೇರ್ಪಡಿಸಿ, ಸಾಂದ್ರ ಗಂಧಕಾಮ್ಲವನ್ನು ಬೆರಸಿ ಮತ್ತೆ ಬೆಚ್ಚಗೆ ಮಾಡಿದರೆ, ಗಬ್ಬದ ಕುದುರೆಯದಾದಲ್ಲಿ ಕೆಳಗಿನ ಪದರದಲ್ಲಿ ಹಸುರಾದ ಪ್ರತಿದೀಪ್ತಿ ಹೊಳೆಯುತ್ತದೆ. ನಾಲ್ಕೈದು ತಿಂಗಳ ಬಳಿಕ ಇದು ವಿಶ್ವಾಸಾರ್ಹ. ಇಂದು ಪ್ರಯೋಗಶಾಲೆಗಳು ಈಸ್ಟ್ರೋನ್ ಸಲ್ಫೇಟನ್ನು ರಕ್ತದಲ್ಲಿಯೂ ಮೂತ್ರದಲ್ಲಿಯೂ ನೇರವಾಗಿ ಅಳೆಯುತ್ತವೆ. ಲದ್ದಿಯಲ್ಲಿಯೂ ಈಸ್ಟ್ರೊಜೆನ್ ಸಿಗುವುದರಿಂದ, ಹಿಡಿಯಲು ಬಾರದ ಕಾಡುಕುದುರೆಯನ್ನೂ ಮುಟ್ಟದೆಯೇ ಪರೀಕ್ಷಿಸಬಹುದು. ಈ ವಸ್ತುವಿನ ಉತ್ಪತ್ತಿಯಲ್ಲಿ ಮರಿಗೇ ಪಾಲಿದೆಯೆಂಬುದು ಇಲ್ಲಿಯ ವಿಶೇಷ. ಗರ್ಭದ ನಡುಗಾಲದಲ್ಲಿ ಮರಿಯ ಬೀಜಗ್ರಂಥಿಗಳು, ಅದು ಗಂಡಾಗಲಿ ಹೆಣ್ಣಾಗಲಿ, ತಾಯಿಯ ಅಂಡಾಶಯಗಳನ್ನು ಮೀರಿಸುವಷ್ಟು ದೊಡ್ಡದಾಗಿ ಬೆಳೆದು, ಅವು ಒದಗಿಸುವ ಕಚ್ಚಾವಸ್ತುವನ್ನು ಜರಾಯು ಈಸ್ಟ್ರೊಜೆನ್ನಾಗಿ ಮಾರ್ಪಡಿಸುತ್ತದೆ. ಮರಿ ಸತ್ತರೆ ಈ ಪ್ರಮಾಣ ಬೇಗನೆ ಕುಸಿಯುತ್ತದೆ. ಕೂಡಿದ ದಿನ ತಿಳಿಯದ, ಗುದನಾಳದ ಪರೀಕ್ಷೆ ಒಗ್ಗದ ಕುಬ್ಜಾಶ್ವಕ್ಕೆ, ಗಂಡಿನಿಂದ ಬೇರ್ಪಡಿಸಿ ನಾಲ್ಕು ತಿಂಗಳಾದ ಮೇಲೆ ಮಾಡುವ ಈ ಪರೀಕ್ಷೆಯೂ ಹೊಟ್ಟೆಯ ಹೊರಗಿನ ಸ್ಕ್ಯಾನಿಂಗೂ ಕೂಡಿ ಕೊಡುವ ಉತ್ತರಕ್ಕಿಂತ ಮಿಗಿಲಾದದ್ದಿಲ್ಲ.

ಗರ್ಭ ಪೂರ್ಣವಾಗುತ್ತ ಬಂದಾಗ ಪ್ರಶ್ನೆ ಬದಲಾಗಿ, ಈಯುವುದು ಯಾವಾಗ ಎಂಬುದು ಮುಖ್ಯವಾಗುತ್ತದೆ. ಕೊನೆಯ ಮೂರು ನಾಲ್ಕು ವಾರಗಳಲ್ಲಿ ಕೆಚ್ಚಲು ತುಂಬುತ್ತದೆ, ಬಾಲದ ಬುಡದ ಇಕ್ಕೆಲಗಳ ಸ್ನಾಯುಗಳು ಮೆತ್ತಗಾಗುತ್ತವೆ, ಯೋನಿದ್ವಾರ ನೀಳವಾಗುತ್ತದೆ, ಒಂದೆರಡು ದಿನ ಮುಂಚೆ ಮೊಲೆತೊಟ್ಟಿನ ತುದಿಯಲ್ಲಿ ಜೇನುಮೇಣದ ಬಣ್ಣದ ಹನಿ ಗಟ್ಟಿಯಾಗಿ ನಿಲ್ಲುತ್ತದೆ. ಹಾಲಿನಲ್ಲಿ ಸುಣ್ಣದಂಶ ಏರುವುದನ್ನು ನೀರಿನ ಗಡಸುತನ ಅಳೆಯುವ ಕಾಗದದಿಂದಲೂ ತಿಳಿಯಬಹುದು. ಅವಧಿಗೆ ಬಹಳ ಮುಂಚೆ ಹಾಲು ಸೋರಿದರೆ ಅವಳಿಯನ್ನೋ ಮಾಸಿನ ಸೋಂಕನ್ನೋ ಶಂಕಿಸತಕ್ಕದ್ದು. ಈ ಚಿಹ್ನೆಗಳನ್ನು ಕುಬ್ಜಾಶ್ವದ ಒಡೆಯ ದೊಡ್ಡ ಕುದುರೆಯವನಿಗಿಂತ ಹೆಚ್ಚು ಜಾಗರೂಕನಾಗಿ ಕಾಯಬೇಕಾಗುತ್ತದೆ. ಏಕೆಂದರೆ ಮರಿಯ ಉಬ್ಬಿದ ಹಣೆಯ ತಲೆ ತಾಯಿಯ ಸಣ್ಣ ಶ್ರೋಣಿಗೆ ಹೋಲಿಸಿದರೆ ದೊಡ್ಡದಾಗಿದ್ದು, ಹೆರಿಗೆ ತಡೆಯುವ ಸಂಭವ ಇಲ್ಲಿ ಹೆಚ್ಚು, ಕುದುರೆಗಳು ಈಯುವುದೋ ಬಹುಮಟ್ಟಿಗೆ ರಾತ್ರಿಯಲ್ಲಿ.

ನಿರ್ಣಯ ತಪ್ಪಿದಾಗ ಆಗುವ ಹಾನಿಗಳಲ್ಲಿ ಭೀಕರವಾದದ್ದು ಹೆರಿಗೆಗೆ ಸಂಬಂಧಿಸಿದ್ದೇ ಅಲ್ಲ. ಗಬ್ಬದ ಹೊಟ್ಟೆಯನ್ನು ಬೊಜ್ಜೆಂದು ಭಾವಿಸಿದ ಒಡೆಯ ಮೈಯಿಳಿಸುವುದಕ್ಕೆಂದು ಮೇವು ಕಡಿದರೆ, ತಟ್ಟುಗಳಲ್ಲಿಯೂ ಕುಬ್ಜಾಶ್ವಗಳಲ್ಲಿಯೂ ದೇಹದ ಕೊಬ್ಬು ಮಿತಿಮೀರಿ ಕರಗಿ ರಕ್ತಕ್ಕೆ ಹರಿದು, ರಕ್ತರಸ ಹಾಲಿನಂತೆ ಬೆಳ್ಳಗಾಗಿ, ಯಕೃತ್ತು ಕೊಬ್ಬಿನಿಂದ ತುಂಬಿ, ಮೊದಲು ಆಹಾರದಲ್ಲಿ ಅರುಚಿಯಾಗಿ ಕಾಣಿಸಿಕೊಂಡ ರೋಗ ಕೆಲವೇ ದಿನಗಳಲ್ಲಿ ತಾಯಿಮರಿಗಳೆರಡನ್ನೂ ಕೊಲ್ಲಬಲ್ಲದು. ತುಂಬುಗಬ್ಬದ ಕೊಬ್ಬಿದ ಹೆಣ್ಣಿಗೆ ಈ ಅಪಾಯ ಎಲ್ಲಕ್ಕಿಂತ ಹೆಚ್ಚು. ಆದುದರಿಂದ ಗಂಡಿನೊಡನೆ ಮೇಯ್ದ ಹೆಣ್ಣನ್ನು, ಪರೀಕ್ಷೆಯಿಂದ ಗರ್ಭವಿಲ್ಲವೆಂದು ಸಿದ್ಧಪಡುವವರೆಗೆ, ಇಲ್ಲವೆ ಗಂಡಿನಿಂದ ಬೇರ್ಪಡಿಸಿ ಹನ್ನೆರಡು ತಿಂಗಳು ತುಂಬುವವರೆಗೆ, ಗಬ್ಬವಾಗಿದೆಯೆಂದೇ ಎಣಿಸಿ ಪೋಷಿಸತಕ್ಕದ್ದು. ಅದರ ಮೇವನ್ನು ಕಡಿಮೆ ಮಾಡುವ ಮಾತನ್ನು ವೈದ್ಯನ ಪರೀಕ್ಷೆಗೆ ಮುಂಚೆ ಎತ್ತತಕ್ಕದ್ದಲ್ಲ.